ಓವನ್ ಇಲ್ಲದೆ ಚಾಕಲೇಟ್ ಮತ್ತು ಪೀನಟ್ ಬಟರ್ ಸೇರಿಸಿ ಸುಲಭವಾಗಿ ಏನು ಸಿಹಿ ಮಾಡಬಹುದು?

ಬಾರ್ ಮಾಡಿ, ಅದಕ್ಕಿಂತ ಸುಲಭದ್ದು ಇಲ್ಲ.

ಒಂದು ಕಪ್ ಪೀನಟ್ ಬಟರ್, ಒಂದು ಕಪ್ ಮಾರಿ ಬಿಸ್ಕತ್ ಪುಡಿ, ಮುಕ್ಕಾಲು ಕಪ್ ಸಕ್ಕರೆ ಪುಡಿ, ಅರ್ಧ ಕಪ್ ಕರಗಿಸಿದ ಬೆಣ್ಣೆ, ಚಿಟಿಕೆ ಉಪ್ಪು, ಇಷ್ಟನ್ನೂ ಕಲಸಿ ಬಟರ್ ಪೇಪರ್ ಹಾಸಿದ ತಟ್ಟೆಗೆ ಗಟ್ಟಿಯಾಗಿ ಒತ್ತಿ. ಉಪ್ಪು ಮಾತ್ರ ಬಿಡಬೇಡಿ, ಇಲ್ಲದಿದ್ದರೆ ಬರೀ ಸಿಹಿ ಹೊಡೆಯುತ್ತೆ.

ಆಮೇಲೆ 200 ಗ್ರಾಂ ಡಾರ್ಕ್ ಚಾಕಲೇಟ್. ಕುದಿಯುವ ನೀರಿನ ಪಾತ್ರೆ ಮೇಲೆ ಬಟ್ಟಲಿಟ್ಟು ಸಣ್ಣ ಉರಿಯಲ್ಲಿ ಕರಗಿಸಿ. ಬಟ್ಟಲು, ಚಮಚ ಪೂರ್ತಿ ಒಣಗಿರಬೇಕು. ಒಂದೆರಡು ಹನಿ ನೀರು ಬಿದ್ದರೂ ಅದರಲ್ಲಿರೋ ಸಕ್ಕರೆ, ಕೋಕೋ ಪುಡಿ ನೀರು ಹೀರಿ ಅಂಟಿಕೊಂಡು, ನುಣ್ಣಗಿದ್ದ ಚಾಕಲೇಟ್ ಒದ್ದೆ ಮರಳಿನ ಹಾಗೆ ಮುದ್ದೆಯಾಗುತ್ತೆ. ಕರಗಿದ ಮೇಲೆ ಎರಡು ಚಮಚ ಪೀನಟ್ ಬಟರ್ ಸೇರಿಸಿ. ಇದರಿಂದ ಮೇಲಿನ ಪದರ ಮೆತ್ತಗಿರುತ್ತೆ, ಕತ್ತರಿಸುವಾಗ ಚೂರಾಗಲ್ಲ. ಇದನ್ನು ಮೇಲೆ ಸುರಿದು ಎರಡು ಗಂಟೆ ಫ್ರಿಜ್‌ನಲ್ಲಿಡಿ.

ಚಾಕುವನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ಆಮೇಲೆ ಕತ್ತರಿಸಿ.

ಅಂಗಡಿ ಪೀನಟ್ ಬಟರ್ ದುಬಾರಿ ಅನಿಸಿದರೆ ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜವನ್ನು ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ರುಬ್ಬಿ. ಮೊದಲು ಪುಡಿ, ಆಮೇಲೆ ಉಂಡೆ, ಕೊನೆಗೆ ಎಣ್ಣೆ ಬಿಟ್ಟು ನುಣ್ಣಗಾಗುತ್ತೆ. ನೀರು ಮಾತ್ರ ಹಾಕಬೇಡಿ.