ಬಡವರಿಗೆ ಅಗ್ಗದ ತರಕಾರಿ, ರೈತರಿಗೆ ನ್ಯಾಯವಾದ ಬೆಲೆ: ಎರಡನ್ನೂ ನಗರಾಡಳಿತ ಒಟ್ಟಿಗೆ ಸಾಧಿಸಬಹುದೇ?

ಸಾಧಿಸಬಹುದು, ಬ್ರೆಜಿಲ್‌ನ ಬೆಲೊ ಹೊರಿಝಾಂಟೆ ನಗರ ಅದನ್ನು ಮಾಡಿ ತೋರಿಸಿದೆ. 1993ರಲ್ಲಿ ಮೇಯರ್ ಪತ್ರುಸ್ ಅನನಿಯಾಸ್ ಅವರ ಆಡಳಿತವು ಆಹಾರವನ್ನು ಪ್ರತಿಯೊಬ್ಬರ ಹಕ್ಕೆಂದು ಒಪ್ಪಿ, ಅದಕ್ಕೆಂದೇ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. ಇದರ ಗುಟ್ಟು ಹಣಕ್ಕಿಂತ ಹೆಚ್ಚಾಗಿ ಜಾಗದಲ್ಲಿದೆ. ಜನಸಂಚಾರ ಹೆಚ್ಚಿರುವ ಸಾರ್ವಜನಿಕ ಸ್ಥಳಗಳನ್ನು ನಗರಾಡಳಿತವು ವ್ಯಾಪಾರಿಗಳಿಗೆ ಒದಗಿಸಿತು. ಪ್ರತಿಯಾಗಿ ಅವರು ಸುಮಾರು 20 ಬಗೆಯ ಪದಾರ್ಥಗಳನ್ನು ಆಡಳಿತವೇ ನಿಗದಿಪಡಿಸಿದ, ಮಾರುಕಟ್ಟೆಗಿಂತ ಕಡಿಮೆ ಬೆಲೆಗೆ ಮಾರಬೇಕಿತ್ತು, ವಾರಾಂತ್ಯದಲ್ಲಿ ಬಡವರ ಬಡಾವಣೆಗಳಿಗೂ ಒಯ್ಯಬೇಕಿತ್ತು, ಈ ಪಟ್ಟಿಯಲ್ಲಿಲ್ಲದ ಬೇರೆ ಪದಾರ್ಥಗಳನ್ನು ತಮ್ಮಿಷ್ಟದ ಬೆಲೆಗೆ ಮಾರಿಕೊಳ್ಳಬಹುದಿತ್ತು. ಸುತ್ತಲಿನ ಸಣ್ಣ ರೈತರಿಗೂ ನೇರ ಮಾರಾಟಕ್ಕೆ ಸ್ಥಳ ದೊರೆತಾಗ, ದಲ್ಲಾಳಿಗೆ ಹೋಗುತ್ತಿದ್ದ ಪಾಲು ಬೆಳೆದವರಿಗೂ ಕೊಳ್ಳುವವರಿಗೂ ಹಂಚಿಕೆಯಾಯಿತು. ನನಗೆ ಅತ್ಯಂತ ಮಾನವೀಯವೆನಿಸುವುದು ಅಗ್ಗದ ದರದಲ್ಲಿ ಊಟ ಬಡಿಸುವ ಅಲ್ಲಿನ ಜನತಾ ಭೋಜನಾಲಯಗಳು: ಬಡತನದ ದಾಖಲೆ ಕೇಳದೆ ಎಲ್ಲರಿಗೂ ಬಾಗಿಲು ತೆರೆದಿರುವುದರಿಂದ, ಅಲ್ಲಿ ಉಣ್ಣುವುದು ಯಾರಿಗೂ ಅವಮಾನವೆನಿಸುವುದಿಲ್ಲ.