ರಾಜಕೀಯ ವ್ಯಂಗ್ಯಚಿತ್ರಕಾರರು ಒಂದೇ ‘ಸಾಮಾನ್ಯ ಮನುಷ್ಯ’ನನ್ನು ವರ್ಷಗಟ್ಟಲೆ ಬರೆಯುವುದೇಕೆ?

ಕಲಬುರಗಿಯ ಚಿತ್ರಕಲಾ ವಿದ್ಯಾರ್ಥಿಯೊಬ್ಬರು ಕೇಳಿದ ಪ್ರಶ್ನೆ ಇದು. ಮುಖ್ಯ ಕಾರಣ ಸಮಯದ ಅಭಾವ. ದಿನಪತ್ರಿಕೆಯ ವ್ಯಂಗ್ಯಚಿತ್ರಕಾರರು ಅಂದಿನ ಸುದ್ದಿಯನ್ನು ಓದಿ, ಅದರಲ್ಲೊಂದು ವಿಚಾರವನ್ನು ಹಿಡಿದು, ಪುಟ ಅಚ್ಚಿಗೆ ಹೋಗುವುದರೊಳಗೆ ಚಿತ್ರ ಮುಗಿಸಬೇಕಾಗಿರುವುದರಿಂದ, ಇಡೀ ಜನಸಮುದಾಯವನ್ನು ಪ್ರತಿನಿಧಿಸುವ ಒಂದು ಸಿದ್ಧ ಪಾತ್ರ ಅವರಿಗೆ ಬೇಕಾಗುತ್ತದೆ.

ಮೈಸೂರಿನಲ್ಲಿ 1921ರಲ್ಲಿ ಹುಟ್ಟಿ, ‘ಕೊರವಂಜಿ’ ಎಂಬ ಕನ್ನಡ ಹಾಸ್ಯಪತ್ರಿಕೆಗೆ ಚಿತ್ರ ಬರೆದು, ಮುಂದೆ ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ ಸೇರಿದ ಆರ್.ಕೆ. ಲಕ್ಷ್ಮಣ್ ಅವರ ವೃತ್ತಿಜೀವನ ಇದಕ್ಕೆ ಸ್ಪಷ್ಟ ನಿದರ್ಶನ. ಆರಂಭದಲ್ಲಿ ಅವರು ಬೇರೆ ಬೇರೆ ಪ್ರಾಂತ್ಯಗಳ ಜನರನ್ನೆಲ್ಲ ಚಿತ್ರದಲ್ಲಿ ತುಂಬುತ್ತಿದ್ದರು. ಗಡುವಿನ ಒತ್ತಡದಲ್ಲಿ ಒಬ್ಬೊಬ್ಬರೇ ಕಡಿಮೆಯಾಗುತ್ತ, ಕೊನೆಗೆ ಚೌಕಳಿ ಕೋಟು, ಧೋತರ, ಕನ್ನಡಕದ ಒಬ್ಬನೇ ಉಳಿದನು. 1951ರಲ್ಲಿ ಆರಂಭವಾದ ಅವರ ಪುಟ್ಟ ದೈನಂದಿನ ವ್ಯಂಗ್ಯಚಿತ್ರದಲ್ಲಿ ಅವನು ದಶಕಗಳ ಕಾಲ ನಿಂತು ನೋಡಿದನೇ ಹೊರತು ಮಾತನಾಡಲಿಲ್ಲ. ಈ ಮೌನವೇ ಲಕ್ಷ್ಮಣರ ಅತಿ ದೊಡ್ಡ ಸಾಧನೆಯೆಂದು ನಾನು ನಂಬಿದ್ದೇನೆ. ಪಾತ್ರ ಮಾತನಾಡಿದರೆ ಅದು ಚಿತ್ರಕಾರನ ಅಭಿಪ್ರಾಯವಾಗುತ್ತದೆ. ಸುಮ್ಮನಿದ್ದರೆ ಓದುಗನೇ ಅದರೊಳಗೆ ಪ್ರವೇಶಿಸುತ್ತಾನೆ. ತೊಗರಿಯ ಬೆಲೆ ಕುಸಿದಾಗಲೂ, ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಮೀಸಲಾದ ಹುದ್ದೆಗಳ ನೇಮಕಾತಿ ತಡವಾದಾಗಲೂ, ಅಂಥ ಪಾತ್ರದ ಮುಖದಲ್ಲಿ ಕಲಬುರಗಿಯ ಓದುಗ ತನ್ನ ಮಾತನ್ನೇ ಕಾಣಬಲ್ಲನು.

ಕಲಬುರಗಿಯಲ್ಲಿ ಚಿತ್ರಕಲೆ ಕಲಿಯುತ್ತಿರುವುದಾಗಿ ತಿಳಿಸಿದ್ದೀರಿ. ಇಲ್ಲಿಯದೇ ಪಾತ್ರವೊಂದನ್ನು ಸೃಷ್ಟಿಸುವುದಾದರೆ, ಅದರ ಉಡುಪು ಯಾವುದೇ ಒಂದು ಪಕ್ಷದ ಅಥವಾ ಸಮುದಾಯದ ಗುರುತಾಗದಂತೆ ಎಚ್ಚರ ವಹಿಸಿ. ನಾಲ್ಕಾರು ಗೆರೆಗಳಲ್ಲಿ ಮೂಡಿ, ಅಚ್ಚಿನಲ್ಲಿ ಹೆಬ್ಬೆರಳಿನಷ್ಟು ಚಿಕ್ಕದಾದರೂ ಗುರುತು ಸಿಗುವಂತಿರಲಿ.