ನಿಮ್ಮ ಲೇಖನ ವಾಪಸ್ ಕಳಿಸುತ್ತಿರುವುದು ಯಾಕೆಂದರೆ

ನಮಸ್ಕಾರ.

ಭ್ರೂಣದಲ್ಲಿ ಮಿದುಳು ರೂಪುಗೊಳ್ಳುವಾಗ ಜೀನ್‌ಗಳು ಏನು ಮಾಡುತ್ತವೆ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ವಿಷಯ ಕಷ್ಟ ಅಂತಲ್ಲ. ನೀವು ಜೀನ್‌ಗಳ ಹೆಸರು ಹೇಳಿದ್ದೀರಿ, ಅವುಗಳ ಕೆಲಸ ಹೇಳಿಲ್ಲ.

ಮೂರನೇ ಪ್ಯಾರಾದಲ್ಲಿ ಒಂದೇ ಉಸಿರಿಗೆ ಒಂಬತ್ತು ಜೀನ್ ಬರುತ್ತವೆ. ಎಲ್ಲಕ್ಕೂ ‘ಮುಖ್ಯ ಪಾತ್ರ ವಹಿಸುತ್ತದೆ’ ಎಂಬ ಒಂದೇ ಮಾತು. ಯಾವ ಪಾತ್ರ? ಓದುವವರು ಕೇಳೋದು ಅದನ್ನೇ ಅಲ್ವಾ?

ಎರಡನ್ನು ಮಾತ್ರ ಇಟ್ಟುಕೊಳ್ಳಿ. ಮುಮ್ಮಿದುಳು, ನಡುಮಿದುಳು ಆಗಲಿರುವ ಕಡೆ ಒಟಿಎಕ್ಸ್2. ಅದರ ಹಿಂದೆ, ಹಿಮ್ಮಿದುಳಿನ ಕಡೆ ಜಿಬಿಎಕ್ಸ್2. ಎರಡರ ಪ್ರೋಟೀನ್‌ಗಳೂ ಡಿಎನ್‌ಎಗೆ ಅಂಟಿಕೊಂಡು ಬೇರೆ ಜೀನ್‌ಗಳನ್ನು ಚಾಲೂ ಮಾಡುತ್ತವೆ, ಇಲ್ಲವೇ ಬಂದ್ ಮಾಡುತ್ತವೆ. ಬದುವಿಗಾಗಿ ಕಿತ್ತಾಡುವ ಅಕ್ಕಪಕ್ಕದ ಹೊಲದವರ ಹಾಗೆ ಇವು ಒಂದನ್ನೊಂದು ತಡೆಯುತ್ತವೆ. ಗಡಿ ಖಚಿತವಾಗುವುದು ಹಾಗೆ. ಆ ಗಡಿಯಲ್ಲಿ ಎಫ್‌ಜಿಎಫ್8 ಎಂಬ ಪ್ರೋಟೀನ್ ಹೊರಬರುತ್ತದೆ. ಅದರ ಪ್ರಭಾವದಲ್ಲಿ ಮುಂದಿನ ಕೋಶಗಳು ನಡುಮಿದುಳಾಗುತ್ತವೆ, ಹಿಂದಿನವು ಕಿರುಮಿದುಳಾಗುತ್ತವೆ.

ಗೊತ್ತಾಗಿದ್ದು ಹೇಗೆ? ಎಫ್‌ಜಿಎಫ್8ರಲ್ಲಿ ನೆನೆಸಿದ ಸಣ್ಣ ಮಣಿಯನ್ನು ಕೋಳಿ ಭ್ರೂಣದ ಮುಮ್ಮಿದುಳಿನ ಹಿಂಭಾಗದಲ್ಲಿ ಇಟ್ಟರು. ಅಲ್ಲಿ ಇನ್ನೊಂದು ನಡುಮಿದುಳು ಬೆಳೆಯಿತು, ಅದೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ! 1996ರ ಈ ಪ್ರಯೋಗಕ್ಕೆ ನೀವು ಕೊಟ್ಟಿರುವುದು ಅರ್ಧ ಸಾಲು. ಲೇಖನ ಶುರುವಾಗಬೇಕಿದ್ದದ್ದೇ ಇಲ್ಲಿಂದ. ಜಿಬಿಎಕ್ಸ್2 ಇಲ್ಲದ ಇಲಿಮರಿಗಳನ್ನೂ ಸೇರಿಸಿ. ಅವುಗಳಲ್ಲಿ ನಡುಮಿದುಳು ಹಿಂದಕ್ಕೆ ಚಾಚಿಕೊಳ್ಳುತ್ತದೆ, ಕಿರುಮಿದುಳು ಬೆಳೆಯುವುದೇ ಇಲ್ಲ.

ಒಂದು ತಪ್ಪನ್ನು ಮಾತ್ರ ಬಿಡುವ ಹಾಗಿಲ್ಲ. ‘ಮಿದುಳಿನ ಜೀನ್‌ಗಳು ಮಿದುಳಿನ ಕೋಶಗಳಲ್ಲಿ ಮಾತ್ರ ಇರುತ್ತವೆ’ ಎಂದಿದ್ದೀರಿ. ಹಾಗಲ್ಲ. ಅಂಗಾಲಿನ ಚರ್ಮದ ಕೋಶದಲ್ಲೂ ಒಟಿಎಕ್ಸ್2 ಜೀನ್ ಇದೆ, ಅಲ್ಲಿ ಅದು ಬಂದ್ ಆಗಿರುತ್ತದೆ ಅಷ್ಟೇ. ಜೀನ್ ನಿಯಂತ್ರಣ ಅಂದರೆ ಇದೇ ತಾನೇ?

ಇನ್ನು, ಒಂದು ಭ್ರೂಣದ ತುಣುಕನ್ನು ಇನ್ನೊಂದಕ್ಕೆ ಕಸಿ ಮಾಡಿದಾಗ ಅಲ್ಲಿ ಎರಡನೇ ಶರೀರವೇ ಬೆಳೆಯತೊಡಗಿದ, 1924ರಲ್ಲಿ ಪ್ರಕಟವಾದ ಪ್ರಯೋಗದ ಶ್ರೇಯವನ್ನು ಪೂರ್ತಿ ಜರ್ಮನ್ ಭ್ರೂಣವಿಜ್ಞಾನಿ ಸ್ಪೆಮಾನ್‌ಗೆ ಕೊಟ್ಟಿದ್ದೀರಿ. ನ್ಯೂಟ್ ಎಂಬ ಬಾಲವಿರುವ ಉಭಯಚರಿಗಳ ಭ್ರೂಣದ ಮೇಲೆ ಕಸಿ ಮಾಡಿದ ಕೈ ಅವರ ವಿದ್ಯಾರ್ಥಿನಿ ಹಿಲ್ಡೆ ಮ್ಯಾಂಗೋಲ್ಡ್‌ರದು. ಅದೇ ವರ್ಷ ಆಕೆ ತೀರಿಕೊಂಡರು. 1935ರಲ್ಲಿ ಸ್ಪೆಮಾನ್‌ಗೆ ನೊಬೆಲ್ ಬಂತು. ಆಕೆಯ ಹೆಸರು ಬರಲೇಬೇಕು.

ಮುಂದೆ ಮಿದುಳು, ಬೆನ್ನುಹುರಿ ಆಗುವ ನರನಾಳ ಮಡಚಿಕೊಳ್ಳುವ ಭಾಗ ಚೆನ್ನಾಗಿದೆ, ಮುಟ್ಟಬೇಡಿ. ‘ಪ್ರಕೃತಿಯ ವಿಸ್ಮಯ’ದ ಕೊನೆಯ ಪ್ಯಾರಾ ತೆಗೆದುಬಿಡಿ. 600 ಪದ ಸಾಕು. ಭ್ರೂಣದ ಚಿತ್ರವೊಂದನ್ನು ಕೈಯಲ್ಲೇ ಬರೆದು, ಗಡಿ ಎಲ್ಲಿದೆ ಅಂತ ಗುರುತು ಹಾಕಿ ಕಳಿಸಿ.